‘ವ್ಯತ್ಯಾಸ ಸಿಗಲಿಲ್ಲ’ ಅಂತ ಸಮ್ಮೇಳನದಲ್ಲಿ ಹೇಗೆ ಹೇಳಲಿ?

ಪ್ರಶ್ನೆ: ಮೇಡಂ, ನಾನು ಕಾರವಾರದವಳು. ಮನಃಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ, ಇದು ಎರಡನೇ ವರ್ಷ. ಇಲ್ಲಿನ ಒಂದು ಬಂದರಿನಲ್ಲಿ ಮೀನು ಮಾರುವ 46 ಹೆಂಗಸರನ್ನು ಎರಡು ಸಲ ಮಾತಾಡಿಸಿದೆ. ಮೇ ತಿಂಗಳಲ್ಲಿ ಒಮ್ಮೆ, ಮೀನುಗಾರಿಕೆ ನಿಷೇಧ ಇರುವಾಗ ಜುಲೈನಲ್ಲಿ ಇನ್ನೊಮ್ಮೆ. ದುಡಿಮೆ ನಿಂತ ದಿನಗಳಲ್ಲಿ ಒತ್ತಡ ಜಾಸ್ತಿ ಆಗುತ್ತದೆ ಎಂಬುದು ನನ್ನ ಊಹೆ. ಒತ್ತಡ, ಆತಂಕ, ಒಂಟಿತನ, ನಿದ್ದೆ, ಹೀಗೆ ಒಟ್ಟು ಏಳು ವಿಷಯ ಅಳೆದೆ. ಆರರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ನಿದ್ದೆ ಮಾತ್ರ ಜುಲೈನಲ್ಲಿ ಸ್ವಲ್ಪ ಜಾಸ್ತಿ, ಪಿ ವ್ಯಾಲ್ಯೂ 0.04. ಬೆಂಗಳೂರಿನ ಒಂದು ಸಮ್ಮೇಳನದಲ್ಲಿ ಮಾತಾಡಲು ಅವಕಾಶ ಸಿಕ್ಕಿದೆ. 12 ನಿಮಿಷ ಮಾತು, 3 ನಿಮಿಷ ಪ್ರಶ್ನೆ. ‘ನಿದ್ದೆಯೊಂದನ್ನೇ ತೋರಿಸು, ಉಳಿದದ್ದು ಬೇಡ, ಸುಮ್ನೆ ಮರ್ಯಾದೆ ಹೋಗುತ್ತೆ’ ಎಂದು ಗೈಡ್ ಹೇಳಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಭಯ, ಪ್ರಶ್ನೆಗಳದ್ದು. ನನ್ನ ಇಂಗ್ಲಿಷ್ ತಡವರಿಸುತ್ತದೆ. ‘ಮಾತಿಗಿಂತ ಹಾವಭಾವಕ್ಕೇ ಶೇ 93 ಬೆಲೆ, ಹೋಗುವ ಮುಂಚೆ ಎರಡು ನಿಮಿಷ ಸೊಂಟದ ಮೇಲೆ ಕೈ ಇಟ್ಟು ನಿಂತುಕೋ’ ಎಂದು ಗೆಳತಿ ಹೇಳುತ್ತಾಳೆ. ಇನ್ನೊಂದು ಮಾತು. ‘ಎಲ್ಲ ನಿಮ್ಮ ಮನಸ್ಸಿನ ಹಾಗೆ ನಡೀತಿದೆ ಅಂತ ಎಷ್ಟು ಸಲ ಅನಿಸಿತು?’ ಎಂದು ಕೇಳಿದರೆ ಹಲವರು ‘ದೇವರು ನಡೆಸಿದ ಹಾಗೆ’ ಎಂದರು. ಅದಕ್ಕೆ ಎಷ್ಟು ಅಂಕ ಹಾಕಬೇಕೋ ಗೊತ್ತಾಗದೆ ನಡುವಿನದ್ದನ್ನು ಹಾಕಿದ್ದೇನೆ. ಇದನ್ನೆಲ್ಲ ಹೇಳಬೇಕಾ?

ಉತ್ತರ: ಹೇಳಬೇಕು. ಕೊನೆಯದ್ದನ್ನಂತೂ ಖಂಡಿತ ಹೇಳಬೇಕು.

ನಿಮ್ಮ ಪತ್ರದಲ್ಲಿ ಬಂದರಿನ ಹೆಸರಿತ್ತು. ಅದನ್ನು ನಾನೇ ತೆಗೆದಿದ್ದೇನೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ನಿಮಗೆ ಇರುವುದು ಎರಡು ಚಿಂತೆ. ಸಿಕ್ಕಿದ್ದನ್ನು ಇದ್ದ ಹಾಗೆ ಹೇಳಿದರೆ ಚಿಕ್ಕವಳಾಗಿಬಿಡುತ್ತೇನಾ ಎಂಬುದು ಒಂದು. ಎದ್ದು ನಿಂತಾಗ ಬಾಯಿ ಕಟ್ಟಿದರೆ ಏನು ಗತಿ ಎಂಬುದು ಇನ್ನೊಂದು. ಮೊದಲನೆಯದು ದೊಡ್ಡದು, ಅಲ್ಲಿಂದಲೇ ಶುರು ಮಾಡೋಣ.

0.04ರ ಕಥೆ

ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬಂದರೆ ‘ನಿಜ ಸಿಕ್ಕಿತು’ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಅದು ಹಾಗಲ್ಲ. ನಿಜಕ್ಕೂ ಏನೂ ವ್ಯತ್ಯಾಸ ಇಲ್ಲದಿದ್ದರೂ ನಿಮಗೆ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು, ಅಷ್ಟನ್ನೇ ಆ ಅಂಕಿ ಹೇಳುತ್ತದೆ. ಒಂದು ಸಲ ನೋಡಿದರೆ ಈ ಲೆಕ್ಕ ಸರಿ. ನೀವು ಏಳು ಸಲ ನೋಡಿದ್ದೀರಿ. ಏಳರಲ್ಲಿ ಒಂದೂ ನಿಜವಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಕನಿಷ್ಠ ಒಂದಾದರೂ 0.05ರ ಕೆಳಗೆ ಬೀಳುವ ಸಾಧ್ಯತೆ ಸುಮಾರು ಶೇ 30. 0.95ನ್ನು ಏಳು ಸಲ ಗುಣಿಸಿ, ಬಂದದ್ದನ್ನು 1ರಿಂದ ಕಳೆಯಿರಿ, ನಿಮಗೇ ಸಿಗುತ್ತದೆ. ಒತ್ತಡ, ಆತಂಕ, ನಿದ್ದೆ ಒಂದಕ್ಕೊಂದು ಅಂಟಿಕೊಂಡಿರುವ ವಿಷಯಗಳು. ಹಾಗಾಗಿ ನಿಮ್ಮ ವಿಷಯದಲ್ಲಿ ಅದು ಸರಿಯಾಗಿ 30 ಇರಲಿಕ್ಕಿಲ್ಲ, ಸ್ವಲ್ಪ ಕಡಿಮೆ ಇರಬಹುದು. ಆದರೂ 5 ಅಲ್ಲವೇ ಅಲ್ಲ.

ಏಳು ಕಡೆ ಗಾಳ ಹಾಕಿ ಒಂದು ಕಡೆ ಮೀನು ಕಚ್ಚಿತು ಎನ್ನಿ. ಮನೆಗೆ ಬಂದು ‘ಮೀನು ಅಲ್ಲೇ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು, ಅಲ್ಲೊಂದೇ ಕಡೆ ಹಾಕಿದೆ’ ಎಂದರೆ ಹೇಗೆ? ನಿದ್ದೆಯನ್ನು ಮಾತ್ರ ತೋರಿಸುವುದು ಅದೇ. ಮೀನು ಸುಳ್ಳಲ್ಲ, ಕಥೆ ಸುಳ್ಳು. ಮರುದಿನ ಅದನ್ನು ನಂಬಿ ಅಲ್ಲೇ ಗಾಳ ಹಾಕುವವನು ಬರಿಗೈಲಿ ಬರುತ್ತಾನೆ.

ನಿಮ್ಮ ಗೈಡ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನಮ್ಮ ತಲೆಮಾರಿಗೆ ಕಲಿಸಿದ್ದೇ ಹಾಗೆ. ಹೊಳೆಯುವುದನ್ನು ಮುಂದಿಡು, ಉಳಿದದ್ದನ್ನು ಮೇಜಿನ ಡ್ರಾಯರಿಗೆ ಹಾಕು. ರಾಬರ್ಟ್ ರೋಸೆಂಥಾಲ್ 1979ರಲ್ಲೇ ಇದಕ್ಕೆ ‘ಫೈಲ್ ಡ್ರಾಯರ್ ಸಮಸ್ಯೆ’ ಎಂದು ಹೆಸರಿಟ್ಟರು. ಆದರೂ ಯಾರೂ ಡ್ರಾಯರ್ ತೆಗೆಯಲಿಲ್ಲ. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್ಸನ್ ಎಂಬ ಮೂವರು ಲೆಕ್ಕ ಹಾಕಿ ತೋರಿಸಿದರು. ಒಂದಕ್ಕಿಂತ ಹೆಚ್ಚು ಅಳತೆ ಮಾಡಿ ಚೆನ್ನಾಗಿ ಬಂದದ್ದನ್ನು ಮಾತ್ರ ಹೇಳುವುದು, ಫಲಿತಾಂಶ ನೋಡಿ ಇನ್ನಷ್ಟು ಜನರನ್ನು ಸೇರಿಸುವುದು, ಇಂಥ ನಾಲ್ಕು ಸಣ್ಣ ಸ್ವಾತಂತ್ರ್ಯಗಳನ್ನು ಒಟ್ಟಿಗೆ ತೆಗೆದುಕೊಂಡರೆ ಇಲ್ಲದ್ದು ಇದೆ ಎಂದು ಬರುವ ಸಾಧ್ಯತೆ ಶೇ 5ರಿಂದ ಸುಮಾರು ಶೇ 61ಕ್ಕೆ ಏರುತ್ತದೆ. 2015ರಲ್ಲಿ ಬ್ರಯಾನ್ ನೋಸೆಕ್ ಮುಂದಾಳತ್ವದಲ್ಲಿ ನೂರಾರು ಸಂಶೋಧಕರು ಸೇರಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ 97ಕ್ಕೆ ‘ವ್ಯತ್ಯಾಸ ಇದೆ’ ಎಂದು ಬಂದಿತ್ತು. ಎರಡನೇ ಸಲ ಬಂದದ್ದು ಶೇ 36ಕ್ಕೆ. ವ್ಯತ್ಯಾಸದ ಗಾತ್ರವೂ ಸರಾಸರಿ ಅರ್ಧಕ್ಕೆ ಇಳಿದಿತ್ತು. ಅವತ್ತಿನಿಂದ ನಮ್ಮ ಸಮ್ಮೇಳನಗಳ ಗಾಳಿಯೇ ಬದಲಾಗಿದೆ. ‘ಏನೂ ಸಿಗಲಿಲ್ಲ’ ಎಂದು ಹೇಳುವವರನ್ನು ಈಗ ಕೀಳಾಗಿ ನೋಡುವುದು ಕಡಿಮೆ. ‘ಒಟ್ಟು ಎಷ್ಟು ಅಳೆದಿರಿ?’ ಎಂದು ಕೇಳುವವರು ಜಾಸ್ತಿ.

ಆ ಪ್ರಶ್ನೆ ನನಗೂ ಬಂದಿತ್ತು. ಅದನ್ನು ನಿಮಗೆ ಹೇಳಲೇಬೇಕು. ಬಹಳ ವರ್ಷ ಹಿಂದಿನ ಮಾತು, ಯಾವ ಊರು, ಯಾವ ಸಂಸ್ಥೆ ಎಂಬುದು ಬೇಡ. ನಾನು ಐದು ಅಳತೆ ಬಳಸಿದ್ದೆ, ಮೂರನ್ನು ತೋರಿಸಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಮೇಷ್ಟ್ರೊಬ್ಬರು ‘ಅಮ್ಮ, ಅಳೆದದ್ದು ಇಷ್ಟೇನಾ?’ ಎಂದರು. ನಾನು ‘ಹೌದು ಸರ್’ ಎಂದೆ. ಅವರು ತಲೆಯಾಡಿಸಿ ಕೂತರು. ಚಪ್ಪಾಳೆ ಬಂತು, ಪ್ರಶಸ್ತಿ ಪತ್ರವೂ ಬಂತು. ಅದಾಗಿ ಮೂರು ವರ್ಷಕ್ಕೆ ಬೇರೆ ಊರಿನ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ನನ್ನ ಆ ಮಾತನ್ನೇ ನಂಬಿ ಎರಡು ವರ್ಷ ಕೆಲಸ ಮಾಡಿದ್ದಳು. ‘ನಿಮಗೆ ಬಂದದ್ದು ನನಗೆ ಯಾಕೆ ಬರುತ್ತಿಲ್ಲ ಮೇಡಂ, ನನ್ನದೇ ಏನಾದರೂ ತಪ್ಪಾ?’ ಎಂದು ಕೇಳಿದಳು. ತಪ್ಪು ಅವಳದಲ್ಲ, ನನ್ನದು ಎಂದು ಅವಳಿಗೆ ಹೇಳಿದೆ. ಅವಳ ಎರಡು ವರ್ಷವನ್ನು ಮಾತ್ರ ನನ್ನಿಂದ ವಾಪಸ್ ಕೊಡಲಾಗಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಗೈಡ್ ಹೇಳಿದಂತೆ ನಿದ್ದೆಯನ್ನೊಂದೇ ತೋರಿಸಬಹುದು. 12 ನಿಮಿಷ ಸಲೀಸಾಗಿ ಮುಗಿಯುತ್ತದೆ. ಆದರೆ ‘ಬೇರೆ ಏನು ಅಳೆದಿರಿ?’ ಎಂಬ ಒಂದೇ ಪ್ರಶ್ನೆಗೆ ಇಡೀ ಮಾತು ಕುಸಿಯುತ್ತದೆ, ಇಲ್ಲವೇ ನಿಮ್ಮ ಬಾಯಲ್ಲಿ ನನ್ನ ಹಾಗೆ ಸುಳ್ಳು ಬರುತ್ತದೆ. ಇನ್ನೊಂದು ಅಪಾಯ ನಮ್ಮ ಕರಾವಳಿಯದ್ದು. ‘ನಿಷೇಧದಿಂದ ಮೀನುಗಾರ ಮಹಿಳೆಯರಿಗೆ ಒಳ್ಳೆಯ ನಿದ್ದೆ’ ಎಂದು ಪೇಪರಿನಲ್ಲಿ ಬಂದರೆ ಏನಾಗುತ್ತದೆ? ಸಂಪಾದನೆ ನಿಂತ ಮನೆಯವರು ಅದನ್ನು ಓದುತ್ತಾರೆ. ನೀವು ಮತ್ತೆ ಅದೇ ಬಂದರಿಗೆ ಹೋಗಬೇಕಲ್ವಾ?

ಹೆಸರು ವಾಪಸ್ ತೆಗೆದುಕೊಂಡು ಮುಂದಿನ ವರ್ಷ ಇನ್ನಷ್ಟು ಜನರನ್ನು ಸೇರಿಸಿ ಹೋಗಬಹುದು. ಇದರಲ್ಲಿ ಮೋಸ ಇಲ್ಲ. ಆದರೆ ಒಂದು ವರ್ಷ ಹೋಗುತ್ತದೆ, ಕೇಳಿದವರಿಂದ ಸಿಗಬೇಕಾದ ತಿದ್ದುಪಡಿಯೂ ತಪ್ಪುತ್ತದೆ. ಮಾತಿನ ಬದಲು ಪೋಸ್ಟರ್‌ಗೆ, ಅಂದರೆ ಕೆಲಸವನ್ನು ದೊಡ್ಡ ಹಾಳೆಯಲ್ಲಿ ತೂಗುಹಾಕಿ ಪಕ್ಕ ನಿಂತು ವಿವರಿಸುವುದಕ್ಕೆ, ಬದಲಾಯಿಸಿ ಎಂದು ಕೇಳುವುದೂ ಒಂದು ದಾರಿ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ನಾನಾಗಿದ್ದರೆ ಏಳನ್ನೂ ಒಂದೇ ಸ್ಲೈಡಿನಲ್ಲಿ ಇಡುತ್ತಿದ್ದೆ. ಏಳು ಸಾಲು. ಪ್ರತಿ ಸಾಲಿನಲ್ಲಿ ಮೇ ಸರಾಸರಿ, ಜುಲೈ ಸರಾಸರಿ, ವ್ಯತ್ಯಾಸ, ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು ಮಿತಿ. ಅದರ ಕೆಳಗೆ ಒಂದು ವಾಕ್ಯ: ‘ನಿದ್ದೆಯ ವ್ಯತ್ಯಾಸ ನಾವು ಮೊದಲೇ ಊಹಿಸಿದ್ದಲ್ಲ, ಹುಡುಕುವಾಗ ಕಂಡದ್ದು. ಏಳು ಪರೀಕ್ಷೆಗೆ ತಿದ್ದಿದರೆ ಅದು ನಿಲ್ಲುವುದಿಲ್ಲ.’ ಹಲವು ಪರೀಕ್ಷೆ ಮಾಡಿದಾಗ ಮಿತಿಯನ್ನು ಬಿಗಿ ಮಾಡುವ ಬಾನ್‌ಫೆರೋನಿ ಲೆಕ್ಕದಲ್ಲಿ 0.05ನ್ನು ಏಳರಿಂದ ಭಾಗಿಸಿದರೆ ಸುಮಾರು 0.007. ನಿಮ್ಮ 0.04 ಅದರ ಹತ್ತಿರವೂ ಇಲ್ಲ. ಇದನ್ನು ಬೇರೆಯವರು ಹೇಳುವ ಮೊದಲು ನೀವೇ ಹೇಳಿಬಿಟ್ಟರೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಕಳಿಸಿದ ಸಾರಾಂಶದಲ್ಲಿ ನಿದ್ದೆಯನ್ನು ಮಾತ್ರ ಬರೆದಿದ್ದರೂ ಹೆದರಬೇಡಿ. ಸಂಘಟಕರಿಗೆ ಈಗಲೇ ಎರಡು ಸಾಲಿನ ತಿದ್ದುಪಡಿ ಕಳಿಸಿ. ಅವರು ಸೇರಿಸದಿದ್ದರೆ ಮೊದಲ ಸ್ಲೈಡಿನಲ್ಲೇ ಹೇಳಿ.

ಗೈಡ್ ಹತ್ತಿರ ವಾದಕ್ಕೆ ಇಳಿಯಬೇಡಿ. ‘ಸರ್, ನಿದ್ದೆಯನ್ನೂ ತೋರಿಸೋಣ, ಏಳರ ಜೊತೆಗೇ ತೋರಿಸೋಣ. ಯಾರಾದರೂ ಒಟ್ಟು ಎಷ್ಟು ಅಂತ ಕೇಳಿದರೆ ನಮ್ಮಿಬ್ಬರ ಹೆಸರೂ ಅಲ್ಲೇ ಇರುತ್ತೆ’ ಎನ್ನಿ. ಸ್ಲೈಡ್ ಮಾಡಿ ಕೈಯಲ್ಲಿ ಹಿಡಿದು ಹೋಗಿ. ಬರೀ ಬಾಯಲ್ಲಿ ಕೇಳಿದರೆ ‘ಬೇಡ’ ಅನ್ನುವುದು ಸುಲಭ, ಮಾಡಿ ತಂದದ್ದನ್ನು ನೋಡಿದ ಮೇಲೆ ಅಷ್ಟು ಸುಲಭ ಅಲ್ಲ. ಆದರೂ ಅವರು ಒಪ್ಪದೆ ಇರಬಹುದು, ಕೆಲವು ದಿನ ಮುಖ ಬಿಗಿದುಕೊಂಡಿರಬಹುದು. ಆ ಅಪಾಯ ಇದೆ, ಇಲ್ಲ ಎಂದು ನಾನು ಹೇಳಲಾರೆ. ಹಾಗಾದರೆ ‘ಒಟ್ಟು ಏಳು ಅಳೆದಿದ್ದೇವೆ, ಇವತ್ತು ಒಂದರ ಬಗ್ಗೆ ಮಾತಾಡುತ್ತೇನೆ, ಉಳಿದ ಆರರಲ್ಲಿ ವ್ಯತ್ಯಾಸ ಕಾಣಲಿಲ್ಲ’ ಎಂಬ ಒಂದು ವಾಕ್ಯವನ್ನಾದರೂ ಉಳಿಸಿಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯಬೇಡಿ.

ವ್ಯತ್ಯಾಸ ಯಾಕೆ ಸಿಗಲಿಲ್ಲ?

‘ವ್ಯತ್ಯಾಸ ಸಿಗಲಿಲ್ಲ’ ಮತ್ತು ‘ವ್ಯತ್ಯಾಸ ಇಲ್ಲ’ ಇವೆರಡೂ ಒಂದೇ ಎಂದುಕೊಳ್ಳುವುದು ಇನ್ನೊಂದು ತಪ್ಪು ತಿಳಿವಳಿಕೆ. ಒಬ್ಬರನ್ನೇ ಎರಡು ಸಲ ಅಳೆಯುವ ನಿಮ್ಮಂಥ ಅಧ್ಯಯನದಲ್ಲಿ ಮಧ್ಯಮ ಗಾತ್ರದ ವ್ಯತ್ಯಾಸವನ್ನು, ಅಂದರೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್ನಿನಷ್ಟನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ ಅದು), ಹಿಡಿಯಲು 34 ಜನ ಸಾಕು. ನಿಜವಾಗಿ ಇದ್ದರೆ 100ಕ್ಕೆ 80 ಸಲ ಸಿಗುತ್ತದೆ. ಅದೇ ಸಣ್ಣ ವ್ಯತ್ಯಾಸಕ್ಕೆ, 0.2ರಷ್ಟಕ್ಕೆ, ಸುಮಾರು 200 ಜನ ಬೇಕು. ನಿಮ್ಮ ಹತ್ತಿರ ಇರುವುದು 46. ಹಾಗಾಗಿ ‘ದೊಡ್ಡ ಏರಿಕೆ ಇರುವ ಹಾಗೆ ಕಾಣುವುದಿಲ್ಲ, ಸಣ್ಣದು ಇದ್ದರೆ ನಮ್ಮ ಬಲೆಯ ಕಣ್ಣಿಗೆ ಸಿಗುತ್ತಿರಲಿಲ್ಲ’ ಎಂದು ಹೇಳುವ ಹಕ್ಕು ನಿಮಗಿದೆ. ಅಷ್ಟೇ ಇದೆ.

ನಿಮ್ಮ ಮಾತಿನ ರುಚಿ ಇರುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಯಾಕಿರಬಹುದು?

ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಅದು ಟ್ರಾಲ್, ಪರ್ಸಿನ್ ಬೋಟುಗಳಂಥ ಯಾಂತ್ರಿಕ ದೋಣಿಗಳಿಗೆ. ಸಣ್ಣ ನಾಡದೋಣಿಗಳು ಸಮುದ್ರ ಬಿಟ್ಟುಕೊಟ್ಟ ದಿನ ಹೋಗಿಬರುತ್ತವೆ. ನಿಮ್ಮ 46 ಜನರಲ್ಲಿ ಬೋಟಿನ ಮೀನು ನೆಚ್ಚಿಕೊಂಡವರು ಎಷ್ಟು, ನಾಡದೋಣಿಯ ಮನೆಯವರು ಎಷ್ಟು? ಮಳೆಗಾಲದಲ್ಲಿ ಒಣಮೀನು ಮಾರುವವರು ಎಷ್ಟು? ಒಬ್ಬರಿಗೆ ಜುಲೈ ಬರಗಾಲ, ಇನ್ನೊಬ್ಬರಿಗೆ ಮೀನಿಗೆ ಒಳ್ಳೆಯ ಬೆಲೆ ಸಿಗುವ ತಿಂಗಳು. ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದರೆ ಏರಿದ್ದು ಇಳಿದದ್ದು ಒಂದನ್ನೊಂದು ನುಂಗಿಬಿಡಬಹುದು. ಸಭೆಯಲ್ಲಿ ಕರಾವಳಿ ಕಡೆಯವರು ಒಬ್ಬರಿದ್ದರೂ ಈ ಪ್ರಶ್ನೆ ಬರುತ್ತದೆ. ಹಾಗೆಯೇ ಮೇ ತಿಂಗಳು ‘ಸಾಮಾನ್ಯ’ ತಿಂಗಳಾ? ಋತು ಮುಗಿಯುತ್ತಾ ಬಂದಿರುತ್ತದೆ, ಮಕ್ಕಳ ಶಾಲೆಯ ಖರ್ಚು ಎದುರಿಗಿರುತ್ತದೆ. ಒತ್ತಡ ಆಗಲೇ ಏರಿದ್ದಿರಬಹುದು.

ನಿದ್ದೆಗೂ ಸಾದಾ ಕಾರಣ ಇರಬಹುದು. ಬೋಟು ಬಾರದಿದ್ದರೆ ನಸುಕಿಗೆ ಎದ್ದು ಹರಾಜಿಗೆ ಓಡಬೇಕಾಗಿಲ್ಲ. ಅದು ನೆಮ್ಮದಿಯ ನಿದ್ದೆಯೋ, ಕೆಲಸವಿಲ್ಲದ ನಿದ್ದೆಯೋ ಎಂಬುದನ್ನು ಗಂಟೆಯ ಲೆಕ್ಕ ಹೇಳುವುದಿಲ್ಲ. ಮಳೆಗಾಲವೇ ನಿದ್ದೆಯನ್ನು ಬದಲಿಸುತ್ತದೆ ಎಂದು ಯಾರಾದರೂ ಹೇಳಿದರೂ ಉತ್ತರ ಕೊಡಲು ನಿಮ್ಮ ಹತ್ತಿರ ಮೀನು ಮಾರದ ಹೆಂಗಸರ ಗುಂಪಿಲ್ಲ. ಇಲ್ಲ ಎಂದು ಒಪ್ಪಿಕೊಳ್ಳಿ. ಮುಂದಿನ ಸಲ ಸೇರಿಸಿ.

ಈಗ ‘ದೇವರು ನಡೆಸಿದ ಹಾಗೆ’. ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಅದು.

ನೀವು ಬಳಸಿದ್ದು 1983ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಮಾಡಿದ ಒತ್ತಡದ ಅಳತೆ ಎಂದು ಪ್ರಶ್ನೆಯಿಂದಲೇ ಗೊತ್ತಾಗುತ್ತದೆ. ಅದರ ಹತ್ತು ಪ್ರಶ್ನೆಯ ರೂಪದಲ್ಲಿ ನಾಲ್ಕು ಪ್ರಶ್ನೆ ಉಲ್ಟಾ. ಅಂದರೆ ‘ಚೆನ್ನಾಗಿ ನಡೀತಿದೆ’ ಎಂದರೆ ಅಂಕ ಕಡಿಮೆ, ‘ಇಲ್ಲ’ ಎಂದರೆ ಜಾಸ್ತಿ. ಹತ್ತಾರು ವರ್ಷ ಕ್ಷೇತ್ರದಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಬಾಯಲ್ಲಿ ಓದಿ ಕೇಳುವಾಗ ಮೊದಲು ಕಾಲು ಜಾರುವುದು ಈ ಉಲ್ಟಾ ಪ್ರಶ್ನೆಗಳಲ್ಲೇ. ಆ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬುಟ್ಟಿಯ ಮುಂದೆ ಕೂತ ಹೆಂಗಸು, ಒಂದು ಕೈಯಲ್ಲಿ ನೊಣ ಓಡಿಸುತ್ತಿದ್ದಾಳೆ, ಗಿರಾಕಿ ಬಂಗಡೆ ಎತ್ತಿ ನೋಡುತ್ತಿದ್ದಾನೆ. ನೀವು ‘ಕಳೆದ ತಿಂಗಳಲ್ಲಿ ಎಲ್ಲ ನಿಮ್ಮ ಮನಸ್ಸಿನ ಹಾಗೆ...’ ಎಂದು ಕೇಳುತ್ತೀರಿ. ‘ಎಂದೂ ಇಲ್ಲ’ದಿಂದ ‘ತುಂಬಾ ಸಲ’ದವರೆಗೆ ಐದು ಆಯ್ಕೆ ಓದುತ್ತೀರಿ. ಆ ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ, ಬದುಕು ನನ್ನ ಮನಸ್ಸಿನ ಹಾಗೆ ನಡೆಯಬೇಕಾದದ್ದು ಎಂದು. ಅವಳಿಗೆ ಆ ಪ್ರಶ್ನೆಯೇ ಸರಿ ಅನ್ನಿಸುವುದಿಲ್ಲ. ಅದಕ್ಕೇ ಐದೂ ಆಯ್ಕೆ ಬಿಟ್ಟು ತನ್ನದೇ ಆರನೆಯದನ್ನು ಹೇಳುತ್ತಾಳೆ. ಅದಕ್ಕೆ ಸೊನ್ನೆಯೂ ಸರಿಯಲ್ಲ, ನಾಲ್ಕೂ ಸರಿಯಲ್ಲ. ನೀವು ಎರಡು ಹಾಕಿದ್ದೂ ಸರಿಯಲ್ಲ.

ಇದು ನಿಮ್ಮ ಸೋಲಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಇಬ್ಬರು ಜೊತೆಗಾರರು ಮನಃಶಾಸ್ತ್ರ ಯಾರನ್ನು ನೋಡಿ ‘ಮನುಷ್ಯ’ ಎಂದು ಬರೆಯುತ್ತಿದೆ ಎಂದು ಕೇಳಿದರು. ದೊಡ್ಡ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ 96 ಜನ ಪಶ್ಚಿಮದ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿ ಇರುವುದು ಪ್ರಪಂಚದ ಜನಸಂಖ್ಯೆಯ ಶೇ 12 ಮಾತ್ರ. ನಿಮ್ಮ ಬುಟ್ಟಿಯ ಮುಂದಿನ ಹೆಂಗಸು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅವಳ ಒಂದು ಮಾತನ್ನು ಬೆಂಗಳೂರಿನ ಸಭೆಯವರೆಗೆ ಹೊತ್ತುಕೊಂಡು ಹೋಗುವುದು ನಿಮ್ಮಿಂದ ಮಾತ್ರ ಆಗುವ ಕೆಲಸ.

ಸಮ್ಮೇಳನಕ್ಕೆ ಮುಂಚೆ ಮೂರು ಕೆಲಸ ಮಾಡಿ. ಎಷ್ಟು ಜನ ಹಾಗೆ ಹೇಳಿದರು ಎಂದು ನಿಮ್ಮ ನೋಟ್‌ಬುಕ್ ತೆಗೆದು ಎಣಿಸಿ. ಉಲ್ಟಾ ನಾಲ್ಕು ಪ್ರಶ್ನೆ ಬೇರೆ, ಉಳಿದ ಆರು ಬೇರೆ ಇಟ್ಟು ಆಲ್ಫಾ, ಅಂದರೆ ಪ್ರಶ್ನೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಂಕಿ, ನೋಡಿ. ಆ ಉತ್ತರಗಳನ್ನು ಖಾಲಿ ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ. ಫಲಿತಾಂಶ ಬದಲಾಗಲಿ, ಬಿಡಲಿ, ಎರಡನ್ನೂ ತೋರಿಸಿ. ಕೊಂಕಣಿಯಲ್ಲಿ ಕೇಳಿದ್ದರೆ ಆ ಅನುವಾದವನ್ನು ಯಾರು ಮಾಡಿದರು, ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡಿದಿರಾ ಎಂಬುದೂ ಬೇಕು.

ಎದ್ದು ನಿಲ್ಲುವ ಮಾತು

ನಿಮ್ಮ ಗೆಳತಿ ಪ್ರೀತಿಯಿಂದಲೇ ಹೇಳಿದ್ದಾಳೆ, ಆದರೆ ಎರಡೂ ಮಾತು ನಿಲ್ಲುವುದಿಲ್ಲ. ಶೇ 93ರ ಮಾತು ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಮಾಡಿದ ಸಣ್ಣ ಪ್ರಯೋಗಗಳಿಂದ ಬಂದದ್ದು. ಬಿಡಿ ಪದವೊಂದನ್ನು ಬೇರೆ ಬೇರೆ ಧ್ವನಿಯಲ್ಲಿ, ಮುಖಭಾವದಲ್ಲಿ ಹೇಳಿದಾಗ ಹೇಳುವವರಿಗೆ ಇಷ್ಟವೋ ಇಷ್ಟವಿಲ್ಲವೋ ಎಂದು ಜನ ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿದ್ದ ಪ್ರಶ್ನೆ. ತಮ್ಮ ಭಾವನೆ, ಒಲವು ಹೇಳುವ ಮಾತಿಗಲ್ಲದೆ ಬೇರೆಯದಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಸೊಂಟದ ಮೇಲೆ ಕೈ ಇಡುವ ಸಲಹೆಯ ಮೂಲ 2010ರ ಒಂದು ಅಧ್ಯಯನ. ಮೈ ಅಗಲಿಸಿ ಕೂತರೆ, ನಿಂತರೆ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂದದ್ದು, 42 ಜನರ ಮೇಲೆ ಮಾಡಿದ್ದು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನಿನ ಪರಿಣಾಮ ಕಾಣಲಿಲ್ಲ. ಮೂಲ ಲೇಖಕರಲ್ಲಿ ಮೊದಲಿನವರಾದ ಡಾನಾ ಕಾರ್ನಿ 2016ರಲ್ಲಿ ‘ಆ ಪರಿಣಾಮ ನಿಜ ಎಂದು ನಾನು ಈಗ ನಂಬುವುದಿಲ್ಲ’ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಬರೆದರು. ತನ್ನ ಹೆಸರಿಗೆ ಕೀರ್ತಿ ತಂದ ಕೆಲಸದ ಬಗ್ಗೆ ಹಾಗೆ ಬರೆಯಲು ಎಷ್ಟು ಧೈರ್ಯ ಬೇಕು! ನಿಮ್ಮ ಆರು ಸಾಲುಗಳನ್ನು ತೋರಿಸಲು ಅಳುಕಾದಾಗ ಅವರನ್ನು ನೆನೆಸಿಕೊಳ್ಳಿ.

ಹಾಗಾದರೆ ನಿಜ ಏನು? ಭಯ ಆಗುತ್ತದೆ, ಅದು ದೇಹದ ಸಹಜ ನಡೆ. ಪ್ರಯೋಗಾಲಯದಲ್ಲಿ ಒತ್ತಡ ಹುಟ್ಟಿಸಲು 1993ರಿಂದ ಬಳಸುತ್ತಿರುವ ಟ್ರಿಯರ್ ಪರೀಕ್ಷೆಯಲ್ಲಿ ಮಾಡಿಸುವುದೇನು ಗೊತ್ತಾ? ಮುಖದಲ್ಲಿ ಏನೂ ತೋರಿಸದ ತೀರ್ಪುಗಾರರ ಮುಂದೆ ಭಾಷಣ, ಆಮೇಲೆ ಬಾಯಿಲೆಕ್ಕ. ಎಂಥವರಿಗೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಒಳಗಿನ ನಡುಕ ನಮಗೆ ಅನ್ನಿಸಿದಷ್ಟು ಹೊರಗೆ ಕಾಣುವುದಿಲ್ಲ. ಸಾವಿಟ್‌ಸ್ಕಿ ಮತ್ತು ಗಿಲೋವಿಚ್ 2003ರಲ್ಲಿ ತೋರಿಸಿದ್ದು ಇದನ್ನೇ. ಭಾಷಣಕ್ಕೆ ಮುಂಚೆ ‘ನಿಮ್ಮ ಭಯ ನೀವು ಅಂದುಕೊಂಡಷ್ಟು ಜನರಿಗೆ ಕಾಣುವುದಿಲ್ಲ’ ಎಂದು ತಿಳಿಸಿದ ಗುಂಪಿನವರು ಹೆಚ್ಚು ಚೆನ್ನಾಗಿ ಮಾತಾಡಿದರು, ಕೇಳಿದವರಿಗೂ ಹಾಗೇ ಅನ್ನಿಸಿತು. ಈಗ ನಿಮಗೂ ಗೊತ್ತಾಯಿತು.

ಅಭ್ಯಾಸದ ವಿಷಯದಲ್ಲಿ ರಾಬರ್ಟ್ ಝಾಯಾನ್ಸ್ 1965ರಲ್ಲಿ ಹೇಳಿದ್ದು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಜನ ನೋಡುತ್ತಿದ್ದರೆ ಚೆನ್ನಾಗಿ ಕಲಿತದ್ದು ಇನ್ನೂ ಚೆನ್ನಾಗಿ ಬರುತ್ತದೆ, ಅರೆಬರೆ ಕಲಿತದ್ದು ಇನ್ನಷ್ಟು ಕೆಡುತ್ತದೆ. ಆದ್ದರಿಂದ ಮೊದಲ ಎರಡು ನಿಮಿಷ ಮತ್ತು ಏಳು ಸಾಲಿನ ಸ್ಲೈಡ್, ಇವೆರಡನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಕಲಿಯಿರಿ. ಉಳಿದದ್ದು ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. 12 ನಿಮಿಷಕ್ಕೆ ಎಂಟು ಸ್ಲೈಡ್ ಸಾಕು. ಹಿಂದಿನ ಅಧ್ಯಯನಗಳ ಉದ್ದ ಪಟ್ಟಿ ಬೇಡ, ಅದರಲ್ಲೇ ಆರು ನಿಮಿಷ ಹೋಗುತ್ತದೆ.

ಇಂಗ್ಲಿಷ್ ತಡವರಿಸಿದರೆ ನಿಧಾನವಾಗಿ, ಸಣ್ಣ ವಾಕ್ಯದಲ್ಲಿ ಹೇಳಿ. ಆ ಹೆಂಗಸರ ಮಾತು ಬಂದಾಗ ಮೊದಲು ಅವರ ಭಾಷೆಯಲ್ಲೇ ಹೇಳಿ, ಆಮೇಲೆ ಅರ್ಥ ಹೇಳಿ. ಸಭೆ ಎದ್ದು ಕೂರುವುದು ಅಲ್ಲೇ. ಕನ್ನಡದಲ್ಲಿ ಮಾತಾಡಲು ಬಿಡುತ್ತೀರಾ ಎಂದು ಸಂಘಟಕರನ್ನು ಕೇಳುವುದರಲ್ಲೂ ತಪ್ಪಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರು ಮಾಡಿದವರು. ಓದಿದ್ದನ್ನು ಜನರ ಕಿವಿಗೆ ಮುಟ್ಟಿಸುವ ಆಸೆ ನಮ್ಮ ಶಾಸ್ತ್ರಕ್ಕೆ ಈ ನೆಲದಲ್ಲಿ ಮೊದಲಿನಿಂದಲೂ ಇದೆ.

ಇನ್ನು ಆ ಮೂರು ನಿಮಿಷ. ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ತಾಳಮದ್ದಳೆ ನಡೆಯುತ್ತದಲ್ಲ, ಒಮ್ಮೆ ಬಂದು ಕೂತು ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದ ಮಾಡುತ್ತಾರೆ. ಎದುರಿನವರು ಬಿಗಿಯಾದ ಪ್ರಶ್ನೆ ಹಾಕಿದರೆ ಅನುಭವಿ ಅರ್ಥಧಾರಿ ಸಿಟ್ಟಾಗುವುದಿಲ್ಲ, ಗಾಬರಿಯೂ ಆಗುವುದಿಲ್ಲ. ಮೊದಲು ಪ್ರಶ್ನೆಯನ್ನು ತಾನೊಮ್ಮೆ ಹೇಳುತ್ತಾನೆ, ‘ನೀನು ಕೇಳುವುದು ಇದನ್ನಲ್ಲವೇ?’ ಎಂದು. ಅಷ್ಟರಲ್ಲಿ ಉತ್ತರ ಕೂಡಿಬಂದಿರುತ್ತದೆ. ಪ್ರಸಂಗದ ಹೊರಗೆ ಎಳೆದರೆ ಮೆಲ್ಲಗೆ ಪದ್ಯಕ್ಕೆ ವಾಪಸ್ ತರುತ್ತಾನೆ. ನಿಮಗೆ ಪದ್ಯ ಎಂದರೆ ನಿಮ್ಮ ದತ್ತಾಂಶ. ‘ನಿಷೇಧ ತೆಗೆಯಬೇಕಾ, ಬೇಡವಾ?’ ಎಂದು ಯಾರಾದರೂ ಕೇಳಿದರೆ ‘46 ಜನರ ಎರಡು ಅಳತೆ ಅದನ್ನು ಹೇಳಲಾರದು ಸರ್’ ಎನ್ನಿ. ಪ್ರಶ್ನೆ ಕೇಳುವ ನೆಪದಲ್ಲಿ ಎರಡು ನಿಮಿಷ ತಮ್ಮ ವಿಚಾರ ಹೇಳುವವರು ಎಲ್ಲ ಸಭೆಯಲ್ಲೂ ಇರುತ್ತಾರೆ. ‘ಬರೆದುಕೊಂಡೆ, ಆಮೇಲೆ ಮಾತಾಡೋಣ’ ಎಂದರೆ ಸಾಕು. ಗೊತ್ತಿಲ್ಲದ್ದಕ್ಕೆ ‘ಅದನ್ನು ನಾನು ಅಳೆದಿಲ್ಲ’ ಎನ್ನಿ. ಈ ವಾಕ್ಯವನ್ನು ಕನ್ನಡಿಯ ಮುಂದೆ ಹೇಳಿ ನಾಲಿಗೆಗೆ ರೂಢಿ ಮಾಡಿಕೊಳ್ಳಿ. ಮತ್ತೆ ಜೊತೆಗೆ ಬಂದ ಯಾರಿಗಾದರೂ ಒಂದು ಕೆಲಸ ಕೊಡಿ, ಬಂದ ಪ್ರಶ್ನೆಗಳನ್ನೆಲ್ಲ ಬರೆದುಕೊಳ್ಳಲು. ನಿಂತವರಿಗೆ ಆ ಹೊತ್ತಿನಲ್ಲಿ ಏನೂ ನೆನಪಿರುವುದಿಲ್ಲ. ನೀವು ಅಷ್ಟು ದೂರ ಹೋಗುವುದೇ ಆ ಪ್ರಶ್ನೆಗಳಿಗಾಗಿ.

ಪೋಸ್ಟರ್ ಎಂದರೆ ಕೀಳು ಎಂಬ ಮಾತನ್ನು ನಂಬಬೇಡಿ. ನಿಮ್ಮಂಥ ಕೆಲಸಕ್ಕೆ ಒಂದು ಗಂಟೆ ಪೋಸ್ಟರ್ ಪಕ್ಕ ನಿಂತು ಹತ್ತು ಜನರ ಹತ್ತಿರ ಮಾತಾಡುವುದು ಮೂರು ನಿಮಿಷಕ್ಕಿಂತ ಲಾಭ. ಒಂದೇ ತೊಂದರೆ, ಗದ್ದಲದಲ್ಲಿ ಯಾರೂ ನಿಲ್ಲದೆ ಹೋಗಬಹುದು. ಈಗ ಮಾತಿಗೇ ಅವಕಾಶ ಸಿಕ್ಕಿರುವಾಗ ಬಿಡಬೇಡಿ, ಮುಂದಿನ ಸಲ ಯೋಚಿಸಿ.

ಬಂದರಿನ ಹೆಸರು ತೆಗೆದದ್ದು ಯಾಕೆಂದರೆ, ಒಂದು ಬಂದರಿನಲ್ಲಿ ಮೀನು ಮಾರುವ ಹೆಂಗಸರು ಎಷ್ಟು ಜನ ಇದ್ದಾರು? ‘52 ವರ್ಷದ, ಗಂಡನನ್ನು ಕಳೆದುಕೊಂಡ, ಒಣಮೀನು ಮಾರುವ ಮಹಿಳೆ’ ಎಂದು ಸ್ಲೈಡಿನಲ್ಲಿ ಹಾಕಿದರೆ ಊರಿನವರಿಗೆ ಹೆಸರು ಬೇಕಾಗಿಲ್ಲ. ಇವತ್ತು ಸಭೆಯಲ್ಲಿ ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ, ನಿಮ್ಮ ಸ್ಲೈಡ್ ಸಂಜೆಯೊಳಗೆ ಕಾರವಾರದ ವಾಟ್ಸ್‌ಆ್ಯಪ್ ಗುಂಪಿನಲ್ಲಿರಬಹುದು. ‘ಉತ್ತರ ಕನ್ನಡ ಕರಾವಳಿಯ ಒಂದು ಬಂದರು’ ಎಂದರೆ ಸಾಕು. ಬುಟ್ಟಿ ಹೊತ್ತ ಹೆಂಗಸಿನ ಫೋಟೋ ಅಂದಕ್ಕೆ ಹಾಕಬೇಡಿ. ಹಾಕಲೇಬೇಕೆಂದರೆ ಫೋಟೋಕ್ಕೆ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ನಿಮ್ಮ ಸಂಸ್ಥೆಯ ನೈತಿಕ ಸಮಿತಿ ಒಪ್ಪಿಗೆ ಕೊಟ್ಟ ವಿಷಯವನ್ನು ಮೊದಲ ಸ್ಲೈಡಿನಲ್ಲೇ ಹೇಳಿ.

ನಿದ್ದೆಯ ಸುಳಿವನ್ನು ಬಿಟ್ಟುಬಿಡಬೇಡಿ. ಮುಂದಿನ ಮೇ ತಿಂಗಳಲ್ಲಿ, ಜೂನ್ 1 ಬರುವ ಮೊದಲು, ‘ಬೋಟಿನ ಮೀನು ನೆಚ್ಚಿದವರಲ್ಲಿ ನಿದ್ದೆಯ ಗಂಟೆ ಹೆಚ್ಚುತ್ತದೆ’ ಎಂದು ಒಂದೇ ಊಹೆ ಬರೆದು, ಎಷ್ಟು ಜನ, ಯಾವ ಲೆಕ್ಕ ಎಂಬುದನ್ನೂ ಸೇರಿಸಿ, ಓಪನ್ ಸೈನ್ಸ್ ಫ್ರೇಮ್‌ವರ್ಕ್ ಜಾಲತಾಣದಲ್ಲಿ ದಿನಾಂಕ ಸಮೇತ ನೋಂದಾಯಿಸಿ. ದುಡ್ಡು ಬೇಕಾಗಿಲ್ಲ. ಆಗ ಬಂದ 0.04ಕ್ಕೆ ಬೇರೆಯದೇ ತೂಕ ಇರುತ್ತದೆ.

ಬೆಂಗಳೂರಿಗೆ ಪಂಚಗಂಗಾ ರೈಲು ಹತ್ತುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಬಂದರಿಗೆ ಹೋಗಿ. ಏಳು ಸಾಲಿನ ಆ ಸ್ಲೈಡನ್ನು ಅವರ ಮಾತಿನಲ್ಲಿ ಹೇಳಿ. ‘ಮೇ ತಿಂಗಳಿಗೂ ಜುಲೈಗೂ ನಿಮ್ಮ ಒತ್ತಡದಲ್ಲಿ ಅಂತರ ಕಾಣಲಿಲ್ಲ, ನಿದ್ದೆ ಮಾತ್ರ ಸ್ವಲ್ಪ ಜಾಸ್ತಿ ಬಂದಿದೆ, ಯಾಕಿರಬಹುದು?’ ಎಂದು ಕೇಳಿ. ಹರಾಜು ಮುಗಿದ ಮೇಲೆ, ಬುಟ್ಟಿ ಖಾಲಿಯಾದ ಹೊತ್ತಿಗೆ ಹೋದರೆ ಒಳ್ಳೆಯದು. ಅವರು ಹೇಳಿದ್ದನ್ನು ಅವರ ಪದದಲ್ಲೇ ಬರೆದುಕೊಳ್ಳಿ, ಒಂಬತ್ತನೇ ಸ್ಲೈಡಿಗೆ ಜಾಗ ಮಾಡಿ.